ಕೆನ್ನೆಯ ಬಾವು ನೋಡಿ ಸಿನಿಮಾ ಜೋಡಿಸಿದ್ದು

ಮದುವೆಯ ವಿಡಿಯೋ ಮಾಡಿ ಹೊಟ್ಟೆ ಹೊರೆಯುವವನು ನಾನು. ಬೆಳಗಾವಿಯ ರವಿವಾರ ಪೇಟೆಗೆ ಹೊಂದಿದ ಓಣಿಯಲ್ಲಿ, ಬೆಲ್ಲದ ಅಂಗಡಿಯೊಂದರ ಮೇಲಿನ ಖೋಲಿಯೇ ನನ್ನ ಸ್ಟುಡಿಯೋ. ಕೆಳಗೆ ಹಮಾಲರು ಚೀಲ ಇಳಿಸುವ ಸದ್ದು, ಮೇಲೆ ನನ್ನ ಕಂಪ್ಯೂಟರಿನಲ್ಲಿ ಯಾರದೋ ಮದುವೆಯ ಸನಾದಿ. ಇಪ್ಪತ್ತಕ್ಕೂ ಹೆಚ್ಚು ವರ್ಷ ಇದನ್ನೇ ಮಾಡಿದ್ದೇನೆ. ಈ ಊರಿನ ಎಷ್ಟೋ ಸಂಸಾರಗಳು ಶುರುವಾದದ್ದು ನನ್ನ ಕ್ಯಾಮೆರಾದ ಎದುರಿಗೆ. ಕೆಲವು ಮುರಿದದ್ದೂ ನನಗೆ ಗೊತ್ತು, ಆದರೆ ಅದನ್ನು ಶೂಟ್ ಮಾಡಲು ಯಾರೂ ಕರೆಯುವುದಿಲ್ಲ.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಖಾನಾಪುರದ ಆಯಿ ಒಂದೊಂದೇ ಮೆಟ್ಟಿಲು ಹತ್ತಿ ನನ್ನ ಖೋಲಿಗೆ ಬಂದರು. ನಮ್ಮ ಕಡೆ ಅಜ್ಜಿಗೆ ಆಯಿ ಎನ್ನುತ್ತಾರೆ. ಅವರ ಮೊಮ್ಮಗಳ ಮದುವೆಯನ್ನು ಬೇಸಿಗೆಯಲ್ಲಿ ಖಾನಾಪುರದ ಮಂಗಲ ಕಾರ್ಯಾಲಯವೊಂದರಲ್ಲಿ ನಾನೇ ಶೂಟ್ ಮಾಡಿದ್ದೆ. ಹುಡುಗಿಯನ್ನು ಕೊಟ್ಟದ್ದು ಬೆಳಗಾವಿಗೆ. ಅವಳ ಸ್ಕೂಟಿಯ ಹಿಂದೆ ಕೂತು ಆಯಿ ಬಂದಿದ್ದರು. ಮದುವೆಯಾದ ಮೂರನೇ ವಾರಕ್ಕೆ ಆಯಿಯ ಯಜಮಾನರು, ಅಂದರೆ ಹುಡುಗಿಯ ಅಜ್ಜ, ತೀರಿಕೊಂಡಿದ್ದರು. ಆಗಿನ್ನೂ ನನ್ನ ವಿಡಿಯೋ ತಯಾರಾಗಿರಲಿಲ್ಲ. ಹನ್ನೊಂದನೇ ದಿನದ ಶಿವಗಣಾರಾಧನೆ ಮುಗಿದು, ಮತ್ತೂ ಒಂದು ತಿಂಗಳು ಬಿಟ್ಟು, ಅವರ ಮಗನ ಕೈಗೆ ಪೆನ್‌ಡ್ರೈವ್ ಕೊಟ್ಟು ಬಂದಿದ್ದೆ. ಚೆನ್ನಾಗಿದೆ ಎಂದಾಗಲಿ, ಕೆಟ್ಟಿದೆ ಎಂದಾಗಲಿ ಆ ಮನೆಯಿಂದ ಒಂದು ಮಾತು ಬಂದಿರಲಿಲ್ಲ.

ಆಯಿ ನೀರು ಕುಡಿದು, ದಣಿವಾರಿಸಿಕೊಂಡು, ನೇರ ವಿಷಯಕ್ಕೆ ಬಂದರು. ವಿಡಿಯೋದ ಕಡೆಯಲ್ಲಿ ಹುಡುಗಿಯನ್ನು ಗಂಡನ ಮನೆಗೆ ಕಳಿಸುವ ದೃಶ್ಯ ಇದೆ. ಕಾರು ಹೊರಡುತ್ತದೆ, ಎಲ್ಲರೂ ಕಣ್ಣೊರೆಸಿಕೊಳ್ಳುತ್ತಾರೆ. ಕೈ ಬೀಸುತ್ತಾ ನಿಂತ ಅಜ್ಜ ಹಿಂದೆ ಸರಿದು, ಪ್ಲಾಸ್ಟಿಕ್ ಖುರ್ಚಿಯ ಮೇಲೆ ಕುಸಿದು ಕೂತು, ಎದೆಯ ಮೇಲೆ ಕೈ ಇಟ್ಟುಕೊಳ್ಳುತ್ತಾರೆ. ಅಲ್ಲಿಗೆ ವಿಡಿಯೋ ಮುಗಿಯುತ್ತದೆ. ಅವತ್ತು ಅದನ್ನು ದಣಿವು ಅಂದುಕೊಂಡವರೇ ಎಲ್ಲ, ನಾನೂ ಸೇರಿ. ಅವರು ತೀರಿಕೊಂಡ ಮೇಲೂ ಆ ಶಾಟನ್ನು ಅಲ್ಲಿಂದ ಕದಲಿಸಬೇಕೆಂದು ನನಗೆ ಹೊಳೆದಿರಲಿಲ್ಲ. ಕಳಿಸಿಕೊಡುವುದು ಕಡೆಗೆ ಬರಬೇಕು, ಬಂದಿತ್ತು.

“ಅಲ್ಲಿಗೆ ಬಂದ ಕೂಡ್ಲೆ ನಾ ಎದ್ದು ಒಳಗ ಹೋಗ್ತೀನಿ, ತಮ್ಮಾ. ಅದರ ಮುಂದಿಂದು ನನಗ ಗೊತ್ತೈತಲ್ಲ” ಎಂದರು ಆಯಿ.

ಅಷ್ಟೇ ತಾನೇ, ಆ ಅರ್ಧ ನಿಮಿಷ ಕತ್ತರಿಸಿ ಕೊಡುತ್ತೇನೆ ಎಂದು ನಾನು ಆಗಲೇ ಮೌಸಿಗೆ ಕೈ ಹಾಕಿದ್ದೆ. ಅವರು ನನ್ನ ಕೈ ಹಿಡಿದು ನಿಲ್ಲಿಸಿದರು.

“ಬ್ಯಾಡ. ಇಡೀ ವಿಡಿಯೋದಾಗ ಅವರು ಇರೂದ ಸ್ವಲ್ಪ. ಒಂದೂ ತಗೀಬ್ಯಾಡ.”

ತೆಗೆಯಲೂ ಬಾರದು, ನೋಡಲೂ ಆಗದು. ನನಗೆ ಸ್ವಲ್ಪ ಸಿಟ್ಟೇ ಬಂತು. ಗಿರಾಕಿಗಳು ಹೀಗೆ ಮಾಡುತ್ತಾರೆ. ತಮ್ಮ ಮನಸ್ಸಿನ ತೊಡಕನ್ನು ತಂದು ನನ್ನ ಕಂಪ್ಯೂಟರಿನಲ್ಲಿ ಬಿಡಿಸು ಎನ್ನುತ್ತಾರೆ. ಇದಕ್ಕೆ ಏನೂ ಮಾಡಲು ಬರುವುದಿಲ್ಲ ಎಂದು ಆದಷ್ಟು ಮೆತ್ತಗೆ ಹೇಳಿ ಕಳಿಸಿದೆ. ಆಯಿ ಬೇಸರ ಮಾಡಿಕೊಳ್ಳಲಿಲ್ಲ, ಸೆರಗು ಸರಿಮಾಡಿಕೊಂಡು ಮೆಟ್ಟಿಲ ಕಡೆ ನಡೆದರು. ಹಿಂದೆ ಉಳಿದ ಮೊಮ್ಮಗಳು ಸಣ್ಣ ದನಿಯಲ್ಲಿ ಹೇಳಿದಳು: ರವಿವಾರ ಬಂದರೆ ಮನೆಮಂದಿಯೆಲ್ಲ ಕೂತು ಆ ವಿಡಿಯೋ ಹಚ್ಚುತ್ತಾರೆ, ಎಲ್ಲರಿಗಿಂತ ಮುಂದೆ ಆಯಿಯೇ ಕೂರುತ್ತಾರೆ, ಕಡೆ ಬರುವುದಕ್ಕೆ ಮೊದಲೇ ಎದ್ದು ಅಡುಗೆಮನೆ ಸೇರಿ ಟಿವಿ ಬಂದಾಗುವ ತನಕ ಹೊರಗೆ ಬರುವುದಿಲ್ಲ. ಒಂದು ಸಲವೂ ಪೂರ್ತಿ ನೋಡಿಲ್ಲ. ಅವರಿಗೆ ಅದನ್ನೊಮ್ಮೆ ಕೂತು ಕಡೆತನಕ ನೋಡಬೇಕೆಂಬ ಆಸೆ ಬಹಳ ಇದೆಯಂತೆ.

ದೃಶ್ಯಗಳನ್ನು ಅದಲುಬದಲು ಮಾಡುವ ವಿಚಾರ ನನ್ನ ತಲೆಗೇ ಬರಲಿಲ್ಲ ಎಂದರೆ ಈಗಿನವರು ನಗುತ್ತಾರೆ. ಆದರೆ ನಮ್ಮ ಕಡೆಯ ಮದುವೆಯಲ್ಲಿ ಕ್ರಮ ಎಂದರೆ ಮಾನ. ಅರಿಶಿಣ, ಸುರಗಿಯ ನೀರಿನ ಸ್ನಾನ, ಅಕ್ಷತೆಯ ಅಕ್ಕಿಕಾಳು, ಆಮೇಲೆ ಬಟ್ಟೆಯ ಉಡುಗೊರೆ, ಅಂದರೆ ಆಹೇರಿ. ಆಹೇರಿಯಲ್ಲಿ ಸೋದರಮಾವನದು ಮೊದಲು, ಉಳಿದವರದು ಆಮೇಲೆ. ನಾನು ಹೊಸದಾಗಿ ಧಂದೆಗೆ ಇಳಿದಾಗ, ಚೆನ್ನಾಗಿ ಕಾಣುತ್ತದೆ ಎಂದು ಒಬ್ಬ ಬೀಗರ ಆಹೇರಿಯನ್ನು ಸೋದರಮಾವನದಕ್ಕಿಂತ ಮುಂದೆ ಹಾಕಿಬಿಟ್ಟಿದ್ದೆ. ಮರುದಿನ ಆ ಸೋದರಮಾವ ಬಂದು ನನ್ನ ಖುರ್ಚಿಯಲ್ಲೇ ಕೂತರು. ಬೈಯಲಿಲ್ಲ, ಕೂಗಾಡಲಿಲ್ಲ. ನಾನು ನಿಂತುಕೊಂಡೇ ಅದನ್ನು ಸರಿಮಾಡುವ ತನಕ ಏಳಲೂ ಇಲ್ಲ. ಅಂದಿನಿಂದ ನನಗೆ ಕ್ರಮದ ಹುಚ್ಚು ಹಿಡಿಯಿತು. ಎರಡು ಕ್ಯಾಮೆರಾಗಳ ಫೈಲುಗಳು ಕಲಸಿಹೋದರೂ ಹೆದರುವುದಿಲ್ಲ. ಮದುಮಗನ ಕೊರಳ ಮಾಲೆ ಎಷ್ಟು ಬಾಡಿದೆ, ಮದುಮಗಳ ಕುಂಕುಮ ಎಷ್ಟು ಇಳಿದಿದೆ ಎಂದು ನೋಡಿ, ಇದು ಹನ್ನೊಂದು ಗಂಟೆಯದು, ಇದು ಊಟ ಆದಮೇಲಿನದು ಎಂದು ಹೇಳಬಲ್ಲೆ. ಮದುವೆಗೆ ಮುಂಚಿನ ಶೂಟಿಂಗ್ ಎಂದು ಜೋಡಿಗಳನ್ನು ಜಾಂಬೋಟಿಯ ಗದ್ದೆಯ ಬದುವಿನ ಮೇಲೆ ಓಡಿಸಿದ್ದೂ ಉಂಟು. ಅಲ್ಲಿ ಮಾತ್ರ ಪ್ಯಾಂಟಿನ ಕೆಸರು ನೋಡಿ ಹೊತ್ತು ಹೇಳುತ್ತೇನೆ.

ಆಯಿ ಬಂದುಹೋದ ವಾರದಲ್ಲೇ, ಕಾಲೇಜಿನಲ್ಲಿ ಓದುವ ನನ್ನ ಮಗಳು ಒಂದು ಹಾರ್ಡ್ ಡಿಸ್ಕ್ ತಂದು ಕೊಟ್ಟಳು. ಅವಳ ಕಾಲೇಜಿನಲ್ಲೊಂದು ಸಿನಿಮಾ ಬಳಗ ಇದೆ. ಅದನ್ನು ನಡೆಸುವ ಪ್ರೊಫೆಸರರ ಡಿಸ್ಕಿನಲ್ಲಿ ಒಂದು ಇಂಗ್ಲಿಷ್ ಸಿನಿಮಾ ಇತ್ತು. ಕಾಲೇಜಿನ ಪ್ರೊಜೆಕ್ಟರಿನಲ್ಲಿ ಅದು ಓಡುತ್ತಿರಲಿಲ್ಲ. ಓಡುವ ಹಾಗೆ ಮಾಡಿ ಪೆನ್‌ಡ್ರೈವಿಗೆ ಹಾಕಿಕೊಡು ಎಂದಳು. ಬಹಳ ದೊಡ್ಡ ಸಿನಿಮಾ ಅಪ್ಪಾ, ಇದು ಬಂದ ಮೇಲೆ ಜಗತ್ತಿನಲ್ಲೆಲ್ಲ ಕಥೆ ಹೇಳುವ ರೀತಿಯೇ ಬದಲಾಯಿತು, ನಮ್ಮ ಕನ್ನಡದವರೂ ಇದನ್ನು ನೋಡಿ ಕಲಿತಿದ್ದಾರೆ ಎಂದೂ ಹೇಳಿದಳು. ಯಾವ ರೀತಿ ಎಂದು ಮಾತ್ರ ಹೇಳಲಿಲ್ಲ. ಹೇಳಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ.

ಫೈಲು ಸರಿಯಾಗಿ ಓಡುತ್ತದೋ ಇಲ್ಲವೋ ಎಂದು ನೋಡಲು ಕೂತೆ. ದೂರದ ದೇಶದ ಒಂದು ಶಹರು, ವಜ್ರದಂಗಡಿಗೆ ಕನ್ನ ಹಾಕುವ ಕಳ್ಳರ ಒಂದು ತಂಡ. ಅವರ ಗಾಡಿ ಓಡಿಸುವ ದಪ್ಪ ಡ್ರೈವರನಿಗೆ ಹಲ್ಲುನೋವು. ಗುಂಡು ಹಾರಿಸುವುದು ಅವರಿಗೆ ಸೀನಿದಷ್ಟು ಸಲೀಸು, ಅದರ ನಡುವೆಯೇ ಹಲ್ಲಿಗೆ ಲವಂಗ ಒಳ್ಳೆಯದೋ ಉಪ್ಪುನೀರು ಒಳ್ಳೆಯದೋ ಎಂಬ ವಾದ. ಡಿಕ್ಕಿಯಲ್ಲಿ ಹೆಣ ಇಟ್ಟುಕೊಂಡು ಔಷಧ ಅಂಗಡಿಯ ಸಾಲಿನಲ್ಲಿ ಮರ್ಯಾದೆಯಿಂದ ನಿಲ್ಲುತ್ತಾರೆ. ನನ್ನ ಇಂಗ್ಲಿಷ್ ಹತ್ತನೇ ಇಯತ್ತೆಯದು, ಆದರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಸಿನಿಮಾದ ನಡುವಿಗೆ ಬಂದಾಗ ಆ ಡ್ರೈವರ್ ಕಡೆಗೂ ಹಲ್ಲಿನ ಡಾಕ್ಟರರ ಹತ್ತಿರ ಹೋಗಿ ಹಲ್ಲು ಕೀಳಿಸಿಕೊಳ್ಳುತ್ತಾನೆ. ನೋವು ಹೋಯಿತು ಎಂದು ಒಂದು ನಿಟ್ಟುಸಿರು ಬಿಡುತ್ತಾನೆ. ಅದೇ ಖುರ್ಚಿಯಲ್ಲಿ ಅವನಿಗೆ ಗುಂಡು ಬೀಳುತ್ತದೆ. ಆಮೇಲೆ ನೋಡುತ್ತೇನೆ, ಸತ್ತವನು ಮತ್ತೆ ಕೆನ್ನೆ ಊದಿಸಿಕೊಂಡು ಗಾಡಿ ಓಡಿಸುತ್ತಿದ್ದಾನೆ.

ಪಾಪ, ಪ್ರೊಫೆಸರರ ಡಿಸ್ಕಿನಲ್ಲಿ ಎಲ್ಲ ಹಿಂದುಮುಂದಾಗಿದೆ ಎಂದುಕೊಂಡೆ. ನಕಲು ಮಾಡುವಾಗ ಹೀಗಾಗುವುದು ನಮ್ಮ ಧಂದೆಯಲ್ಲಿ ಹೊಸದಲ್ಲ. ಓದಿದವರು, ಎಷ್ಟು ವರ್ಷದಿಂದ ಇದನ್ನು ಹೀಗೇ ನೋಡುತ್ತಿದ್ದಾರೋ ಎಂದು ಕನಿಕರವೂ ಆಯಿತು. ಎರಡು ದಿನ ಬೇರೆ ಕೆಲಸ ಬದಿಗಿಟ್ಟು ಸಿನಿಮಾವನ್ನು ತುಂಡು ತುಂಡು ಮಾಡಿ ಸರಿಯಾಗಿ ಜೋಡಿಸಿದೆ. ಮಾತು ಪೂರ್ತಿ ತಿಳಿಯದ ಕಡೆ ಡ್ರೈವರನ ಕೆನ್ನೆಯೇ ನನಗೆ ದಾರಿ ತೋರಿಸಿತು. ಬಾವು ಕಡಿಮೆ ಇದ್ದದ್ದು ಮೊದಲು, ಜಾಸ್ತಿ ಇದ್ದದ್ದು ಆಮೇಲೆ, ಹಲ್ಲು ಕಿತ್ತದ್ದು ಕಡೆಗೆ. ಎಲ್ಲಿಯೂ ಜೋಡಣೆ ಕಾಣದ ಹಾಗೆ ಹೊಲಿದೆ. ಮಗಳಿಗೆ ಹೇಳಲಿಲ್ಲ. ಒಳ್ಳೆಯ ಕೆಲಸ ಮಾಡಿ ಡಂಗುರ ಸಾರುವ ಸ್ವಭಾವ ನನ್ನದಲ್ಲ ಎಂದು ಆಗ ನಾನು ನಂಬಿದ್ದೆ.

ಆದರೂ ಸಿನಿಮಾ ತೋರಿಸುವ ದಿನ ಪೆನ್‌ಡ್ರೈವನ್ನು ನಾನೇ ಕೊಡುತ್ತೇನೆ ಎಂದು ಮಗಳ ಸಂಗಡ ಕಾಲೇಜಿಗೆ ಹೋದೆ. ಮಧ್ಯಾಹ್ನದ ಹೊತ್ತು, ಕಿಟಕಿಗೆಲ್ಲ ಕರಿ ಪರದೆ. ಹಿಂದಿನ ಸಾಲಿನಲ್ಲಿ ಕೂತೆ. ಸಿನಿಮಾ ಶುರುವಾಗಿ ಐದು ನಿಮಿಷಕ್ಕೆ ಪ್ರೊಫೆಸರರು ಎದ್ದು ಕಂಪ್ಯೂಟರಿನ ಹತ್ತಿರ ಹೋಗಿ ಬಗ್ಗಿ ನೋಡಿದರು. ಮತ್ತೆ ಬಂದು ಕೂತರು. ಮತ್ತೆ ಎದ್ದರು. ಆಮೇಲೆ ಗದ್ದಕ್ಕೆ ಕೈ ಹಚ್ಚಿ ಅಲುಗಾಡದೆ ಕೂತುಬಿಟ್ಟರು. ಡ್ರೈವರ್ ಖುರ್ಚಿಯಲ್ಲಿ ಸತ್ತ, ಸಿನಿಮಾ ಮುಗಿಯಿತು, ದೀಪ ಹತ್ತಿತು. ಇದನ್ನು ಯಾರು ಮಾಡಿದ್ದು ಎಂದು ಪ್ರೊಫೆಸರರು ಕೇಳಿದಾಗ ಮಗಳು ತಲೆ ತಗ್ಗಿಸಿದಳು. ನಾನು ಎದ್ದು ನಿಂತೆ.

“ನಾನ ರೀ ಸರ್. ನಿಮ್ಮ ಡಿಸ್ಕಿನ್ಯಾಗ ಎಲ್ಲಾ ಹಿಂದಮುಂದ ಆಗಿತ್ತು. ಸರಿ ಮಾಡೀನಿ.”

ಹುಡುಗ ಹುಡುಗಿಯರು ಬಿದ್ದು ಬಿದ್ದು ನಕ್ಕರು. ಆ ನಗೆಯಿಂದಲೇ ನಾನು ಏನೋ ಎಡವಟ್ಟು ಮಾಡಿದ್ದೇನೆ ಎಂದು ತಿಳಿಯಿತು, ಏನೆಂದು ತಿಳಿಯಲಿಲ್ಲ. ಪ್ರೊಫೆಸರರು ನಗಲಿಲ್ಲ. ಹತ್ತಿರ ಬಂದು ನನ್ನ ಕೈ ಹಿಡಿದುಕೊಂಡರು. ಅದು ಹಿಂದುಮುಂದು ಆದದ್ದಲ್ಲ, ನಿರ್ದೇಶಕ ಬೇಕೆಂದೇ ಹಾಗೆ ಇಟ್ಟದ್ದು ಎಂದು ತಿಳಿಸಿ ಹೇಳಿದರು.

“ಭಾಳ ಚಂದ ಜೋಡಿಸೀರಿ. ಆದ್ರ ಆ ಡ್ರೈವರನ್ನ ನೀವ ಕೊಂದ್ರಿ ನೋಡ್ರಿ. ಮೂಲ ಸಿನಿಮಾದಾಗ ಅವ ಕಡೀಕ ಉಳದಿದ್ದ.”

ಮನೆಗೆ ಬರುವಾಗ ಮಗಳು ಗಾಡಿಯ ಹಿಂದೆ ಕೂತಿದ್ದಳು. ಸಿಗ್ನಲ್ಲಿನಲ್ಲಿ ನಿಂತಾಗ ಬೆನ್ನಿಗೆ ಏನೋ ಅಲುಗಿದ ಹಾಗಾಯಿತು. ಅಳುತ್ತಿದ್ದಾಳೆ ಎಂದು ಗಾಬರಿಯಾಗಿ ತಿರುಗಿ ನೋಡಿದರೆ ಬಾಯಿಗೆ ಓಢಣಿ ಒತ್ತಿಕೊಂಡು ನಗುತ್ತಿದ್ದಳು. ನನಗೆ ಸಿಟ್ಟು ಬಂತು. ಎರಡು ದಿನದ ಕೆಲಸ, ಅದೂ ಪುಕ್ಕಟೆ, ಮೇಲೆ ಈ ನಗೆ. ಪ್ರೇಕ್ಷಕರನ್ನು ದಾರಿ ತಪ್ಪಿಸುವುದೇ ದೊಡ್ಡ ಸಿನಿಮಾ ಆದರೆ ನಮ್ಮ ಸಿಟಿ ಬಸ್ಸಿನ ಬೋರ್ಡು ಬರೆಯುವವನೂ ದೊಡ್ಡ ನಿರ್ದೇಶಕನೇ ಎಂದು ಮನೆ ಮುಟ್ಟುವ ತನಕ ಗೊಣಗಿದೆ.

ಮುಂದಿನ ರವಿವಾರ ಬೆಳಿಗ್ಗೆ ಮಗಳು ನನ್ನನ್ನು ಖುರ್ಚಿಗೆ ಕೂರಿಸಿ ಮೂಲ ಸಿನಿಮಾವನ್ನು ಅದು ಇದ್ದ ಹಾಗೇ ಹಚ್ಚಿದಳು. ಮೊದಲ ಸಲ ನಾನು ಅದನ್ನು ದೋಷ ಹುಡುಕುವ ಕಣ್ಣಿನಿಂದ ನೋಡಿದ್ದೆ, ಕಡೆಯ ಭಾಗವನ್ನಂತೂ ಓಡಿಸಿಬಿಟ್ಟಿದ್ದೆ. ಈ ಸಲ ಸುಮ್ಮನೆ ಕೂತೆ. ಕಡೆಯ ದೃಶ್ಯದಲ್ಲಿ ಕಳ್ಳತನ ಇನ್ನೂ ನಡೆದಿಲ್ಲ, ಬೆಳಗಿನ ಹೊತ್ತು, ಕೆನ್ನೆಯ ಬಾವು ಅಷ್ಟಿಲ್ಲ. ಡ್ರೈವರ್ ಹೋಟೆಲಿನಲ್ಲಿ ಮೆತ್ತನೆಯ ಬ್ರೆಡ್ಡು ತಿಂದು, ಚಹಾ ಕೊಟ್ಟ ಹೆಂಗಸಿನ ಹತ್ತಿರ ಹಲ್ಲಿನ ಕಥೆ ಹೇಳಿ, ಅವಳನ್ನು ನಗಿಸಿ, ಸಿಳ್ಳೆ ಹಾಕುತ್ತ ಬೀದಿಗೆ ಇಳಿಯುತ್ತಾನೆ. ಅಷ್ಟೇ, ಮುಗಿಯಿತು. ಇವನು ಸಾಯುತ್ತಾನೆ ಎಂದು ನನಗೆ ಗೊತ್ತು, ಅವನಿಗೆ ಗೊತ್ತಿಲ್ಲ. ದುಃಖ ಆಗಬೇಕಿತ್ತು. ಆದರೆ ನನಗೆ ಹೊಟ್ಟೆಯೊಳಗಿಂದ ಖುಷಿಯಾಯಿತು, ಯಾಕೆಂದರೆ ಟಿವಿ ಬಂದಾದ ಮೇಲೂ ಅವನು ಆ ಬೀದಿಯಲ್ಲಿ ನಡೆಯುತ್ತಲೇ ಇದ್ದ. ಸತ್ತದ್ದನ್ನು ಮುಚ್ಚಿಟ್ಟಿರಲಿಲ್ಲ, ಒಂದು ತುಂಡನ್ನೂ ಕತ್ತರಿಸಿರಲಿಲ್ಲ, ಅದನ್ನು ಕಡೆಗೆ ಇಟ್ಟಿರಲಿಲ್ಲ ಅಷ್ಟೇ. ನಾನು ಚಹಾ ಅರ್ಧಕ್ಕೇ ಬಿಟ್ಟು ಎದ್ದೆ. ಎಲ್ಲಿಗೆ ಎಂದು ಮಗಳು ಕೇಳಿದ್ದಕ್ಕೆ ಖಾನಾಪುರದ ಆಯಿಯ ಕೆಲಸ ಬಾಕಿ ಇದೆ ಎಂದೆ.

ರವಿವಾರ ಪೇಟೆಯಲ್ಲಿ ಅವತ್ತು ಹಮಾಲರಿರಲಿಲ್ಲ, ಓಣಿ ನಿಶ್ಶಬ್ದವಾಗಿತ್ತು. ಖಾನಾಪುರದ ಮದುವೆಯ ಫೈಲುಗಳನ್ನೆಲ್ಲ ತೆರೆದು ಹರಡಿದೆ. ಅಕ್ಕಿಕಾಳು, ಆಹೇರಿ ಮುಟ್ಟುವ ಧೈರ್ಯ ನನಗಿಲ್ಲ. ಸೋದರಮಾವಂದಿರು ಇನ್ನೂ ಬದುಕಿದ್ದಾರೆ. ಕಳಿಸಿಕೊಡುವ ದೃಶ್ಯವನ್ನು, ಅಜ್ಜ ಖುರ್ಚಿಗೆ ಕುಸಿದು ಎದೆ ಮೇಲೆ ಕೈ ಇಟ್ಟುಕೊಳ್ಳುವ ತನಕ ಪೂರ್ತಿ ಎತ್ತಿ, ವಿಡಿಯೋದ ಶುರುವಿಗೆ ಇಟ್ಟೆ. ಅದರ ಹಿಂದೆ ಕಾರ್ಯಾಲಯದ ಮದುವೆ, ಇದ್ದ ಕ್ರಮದಲ್ಲೇ. ಮೊದಲು ಶುರುವಿನಲ್ಲಿದ್ದದ್ದನ್ನು, ಅಂದರೆ ಮದುವೆಯ ಮುಂಜಾನೆ ಅವರ ಮನೆಯಲ್ಲಿ ತೆಗೆದದ್ದನ್ನು, ಕಡೆಗೆ ತಂದೆ. ಕ್ರಮದಲ್ಲಿ ಒಟ್ಟು ಎರಡೇ ಬದಲಾವಣೆ.

ಆ ಮುಂಜಾನೆಯ ದೃಶ್ಯದಲ್ಲಿ ಅಜ್ಜ ಪಡಸಾಲೆಯ ಕನ್ನಡಿಯ ಮುಂದೆ ನಿಂತು ತಲೆಗೆ ರುಮಾಲು ಸುತ್ತುತ್ತಿದ್ದಾರೆ. ಸುತ್ತುತ್ತಾರೆ, ಬಿಚ್ಚುತ್ತಾರೆ, ಮತ್ತೆ ಸುತ್ತುತ್ತಾರೆ. ನಾವು ವಿಡಿಯೋದವರು ಮನೆಯ ಗದ್ದಲವನ್ನು ಮುಚ್ಚಲು ಮೇಲೆ ಹಾಡು ಸುರಿಯುತ್ತೇವೆ, ಇಲ್ಲಿಯೂ ಸುರಿದಿದ್ದೆ. ಹಾಡನ್ನು ತೆಗೆದು ನೋಡಿದೆ. ಕೆಳಗೆ ಅಜ್ಜನ ದನಿ ಇತ್ತು, ಸ್ವಚ್ಛವಾಗಿ. ನಾನೇ ಶೂಟ್ ಮಾಡಿದ್ದು, ನಾನೇ ಜೋಡಿಸಿದ್ದು, ನಾನೇ ಮರೆತಿದ್ದೆ. ನನ್ನ ಮೇಲೆಯೇ ನನಗೆ ನಾಚಿಕೆಯಾಯಿತು. ಹಾಡನ್ನು ಪೂರ್ತಿ ತೆಗೆದುಹಾಕಿದೆ.

ಮುಂದಿನ ರವಿವಾರ ಬಸ್ಸು ಹಿಡಿದು ಖಾನಾಪುರಕ್ಕೆ ಹೋದೆ. ಆಯಿಯ ಮನೆಯಲ್ಲಿ ಊಟ ಆಗಿತ್ತು. ಮಗ, ಸೊಸೆ, ಬೆಳಗಾವಿಯಿಂದ ಬಂದ ಮೊಮ್ಮಗಳು, ಬಾಜೂ ಮನೆಯ ಒಬ್ಬ ಮರಾಠಿ ಹೆಂಗಸು, ಎಲ್ಲರೂ ಪಡಸಾಲೆಯಲ್ಲಿ ಸೇರಿದರು. ಮುಂದಿನ ಖುರ್ಚಿಯಲ್ಲಿ ಆಯಿ. ಏನೂ ತೆಗೆದಿಲ್ಲ, ಸ್ವಲ್ಪ ಬೇರೆ ರೀತಿ ಇಟ್ಟಿದ್ದೇನೆ ಎಂದಷ್ಟೇ ಹೇಳಿ ಹಚ್ಚಿದೆ. ಶುರುವಿಗೇ ಕಾರು, ಅಳು, ಪ್ಲಾಸ್ಟಿಕ್ ಖುರ್ಚಿ. ಆಯಿ ಖುರ್ಚಿಯ ಹಿಡಿಗಳನ್ನು ಒತ್ತಿ ಅರ್ಧ ಎದ್ದರು. ಶುರುವಿನಲ್ಲೇ ಎದ್ದು ಹೋದರೆ ಮುಗಿಯಿತು, ಮೊದಲಿಗಿಂತ ಹೆಚ್ಚು ನೋವು ಕೊಟ್ಟವನು ನಾನೇ ಆಗುತ್ತೇನೆ. ಅಷ್ಟರಲ್ಲಿ ಪರದೆಯ ಮೇಲೆ ಅದೇ ಅಜ್ಜ ಕಾರ್ಯಾಲಯದ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಕೈ ಮುಗಿಯುತ್ತಿದ್ದರು, ಹಣೆಯ ವಿಭೂತಿ ಇನ್ನೂ ಹಸಿ ಹಸಿ. ಆಯಿ ಅದನ್ನೇ ನೋಡುತ್ತ ನಿಂತರು, ಆಮೇಲೆ ನಿಧಾನಕ್ಕೆ ಕೂತರು.

ಸುಮಾರು ಎರಡು ತಾಸು ಅವರು ಅಲುಗಲಿಲ್ಲ. ಆಹೇರಿಯ ಹೊತ್ತಿಗೆ ಯಾವ ಸೀರೆ ಯಾರದು ಎಂದು ಬಾಜೂ ಮನೆಯ ಹೆಂಗಸಿಗೆ ಮರಾಠಿಯಲ್ಲಿ ವಿವರಿಸಿದರು, ಒಂದೆರಡು ಸೀರೆಗಳ ಬಗ್ಗೆ ಖಾರವಾಗಿಯೇ. ಊಟದ ಪಂಕ್ತಿ ಮುಗಿದು ಕಡೆಗೆ ಮುಂಜಾನೆಯ ಪಡಸಾಲೆ ಬಂತು. ಇದು ಮೊದಲಿಂದಲ್ಲೇನ್ರಿ, ಕಡೀಕ ಯಾಕ ಬಂತು, ಹಿಂದಮುಂದ ಆಗೇತಿ ಎಂದು ಮಗ ನನ್ನ ಕಡೆ ತಿರುಗಿದರು. ಮೂರು ವಾರದ ಹಿಂದಾಗಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಆಯಿ ಕೈ ಎತ್ತಿ ಮಗನನ್ನು ಸುಮ್ಮನಾಗಿಸಿದರು. ರುಮಾಲು ಸುತ್ತುತ್ತ ಗೊಣಗುವ ಅಜ್ಜನ ದನಿ ಅವರಿಗೆ ಕೇಳಿಸಿತ್ತು.

ಪರದೆಯ ಮೇಲೆ ಅಜ್ಜ ನಾಲ್ಕನೇ ಸಲ ರುಮಾಲು ಸುತ್ತಿ, ಕನ್ನಡಿಯಲ್ಲಿ ಎಡಕ್ಕೆ ಬಲಕ್ಕೆ ತಿರುಗಿ ನೋಡಿಕೊಂಡು, ಸಮಾಧಾನವಾಗಿ, ಹೊಸ್ತಿಲು ದಾಟಿದರು. ಹೊರಗೆ ಚುರುಚುರು ಬಿಸಿಲು. ಅಂಗಳದಲ್ಲಿ ನಿಂತು ಮನೆಯ ಒಳಗಡೆ ತಿರುಗಿ ಕೂಗಿದರು.

“ಏನ ಮಾಡಾಕತ್ತೀ ಒಳಗ? ಬಾ ಲಗೂ. ನಾ ಮುಂದ ನಡದೀನಿ.”

ರುಮಾಲಿನ ತುದಿ ಹಾರಾಡಿತು, ಅವರು ನಡೆದರು, ಗೇಟಿನ ಹೊರಗೆ ಹೋದರು. ವಿಡಿಯೋ ಅಲ್ಲಿಗೆ ಮುಗಿಯಿತು. ಮೊಮ್ಮಗಳು ಆಯಿಯ ಭುಜದ ಮೇಲೆ ಕೈ ಇಡಲು ಹೋಗಿ ಹಾಗೇ ತಡೆದಳು, ಯಾಕೆಂದರೆ ಆಯಿಯ ಮುಖದಲ್ಲಿ ಅಳು ಇರಲಿಲ್ಲ. ದಿನಾ ಅವಸರ ಮಾಡುವ ಗಂಡನ ಮೇಲೆ ಹೆಂಡತಿಗೆ ಬರುವ ಸಣ್ಣ ಸಿಟ್ಟು ಇತ್ತು, ಅದರ ಹಿಂದೆಯೇ ನಗೆಯೂ ಇತ್ತು.

“ಹೂಂ, ನಡೀರಿ ನೀವು. ಇಷ್ಟು ಕೆಲಸ ಮುಗಿಸಿ ಬರ್ತೀನಿ” ಎಂದು ಆಯಿ ಟಿವಿಗೇ ಹೇಳಿದರು. ಖುರ್ಚಿ ಬಿಟ್ಟು ಏಳಲಿಲ್ಲ.